ಎರಿ ಮಣ್ಣಿನ ದುಡಿಮೆ: ದಾಳಿಂಬ ಸೀಮೆಯ ನೆಲ, ಕಣದ ಗಾತ್ರ ಮತ್ತು ಕಿಣ್ವಗಳ ಚರಿತ್ರೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಅಲ್ಲಲ್ಲಿ ಹಾಗೆಯೇ ಉಳಿಸಿಕೊಂಡಿದೆ. ಕೊನೆಯಲ್ಲಿ ಆಯ್ದ ಪ್ರಶ್ನೋತ್ತರ ಇದೆ.)

ಧ್ವನಿ ಸರಿಯಾಗಿ ಬರ್ತಿದೆ ಅಂತ ತಿಳಕೊಂಡು ಶುರು ಮಾಡ್ತೀನಿ.

ಗಡಿಭಾಗದ ಚರಿತ್ರೆ ಅಂದಕೂಡಲೇ ನಾವು ಶಾಸನಗಳ ಬಗ್ಗೆ, ಮಠಗಳ ಬಗ್ಗೆ, 1948ರ ಪೊಲೀಸ್ ಕಾರ್ಯಾಚರಣೆಯ ಬಗ್ಗೆ, 1956ರ ರಾಜ್ಯ ಪುನರ್ವಿಂಗಡಣೆಯ ಬಗ್ಗೆ ಮಾತಾಡ್ತೀವಿ. ಅವೆಲ್ಲ ಬೇಕಾದವೇ. ಆದರೆ ಉಮರ್ಗಾ, ನಿಲಂಗಾ, ಉದಗೀರ ಕಡೆಯ ಕನ್ನಡ ಮನೆಗಳು ತಲೆಮಾರುಗಳಿಂದ ಬದುಕಿದ್ದು ಎರಿ ಹೊಲದ ಮೇಲೆ. ಆ ಹೊಲದ ಮಣ್ಣಿಗೂ ಒಂದು ಚರಿತ್ರೆ ಇದೆ. ಅದನ್ನು ಯಾರು ಅಳೆದರು, ಯಾವ ಕಣ್ಣಿನಿಂದ ಅಳೆದರು, ಏನನ್ನು ಬಿಟ್ಟರು ಅನ್ನೋದು ಇವತ್ತಿನ ವಿಷಯ.

ನನ್ನ ವಾದವನ್ನು ಮೊದಲೇ ಹೇಳಿಬಿಡ್ತೀನಿ. ಕಳೆದ ನೂರೆಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ದಖ್ಖಣದ ಎರಿ ಮಣ್ಣನ್ನು ಮೂರು ಬಗೆಯವರು ಅಳೆದರು. ಕಂದಾಯದವರು ಕಣದ ಗಾತ್ರ ನೋಡಿದರು, ಆದರೆ ಮಣ್ಣಿನೊಳಗೆ ನಡೆಯುವ ಕೆಲಸ ನೋಡಲಿಲ್ಲ. ರಸಾಯನಶಾಸ್ತ್ರದವರು ಸಾರಜನಕ ಎಷ್ಟು, ರಂಜಕ ಎಷ್ಟು ಅಂತ ಒಟ್ಟು ಲೆಕ್ಕ ಹಾಕಿದರು. ಮೂರನೆಯವರು, ಅಂದರೆ ಮಣ್ಣಿನ ಜೀವಶಾಸ್ತ್ರದವರು, ಯಾವ ಗಾತ್ರದ ಕಣದ ಜೊತೆ ಯಾವ ಕೆಲಸ ನಡೆಯುತ್ತದೆ ಅಂತ ಕೇಳಿದರು. ಈ ಮೂರನೆಯ ಪ್ರಶ್ನೆ ರೈತರ ಕೈಗೆ ಬರುವ ಕಾಗದಕ್ಕೆ ಇನ್ನೂ ಇಳಿದಿಲ್ಲ. ಇಳಿಯದ ಕಾರಣ, ಹೊಲದಿಂದ ನಾವು ಏನನ್ನು ಕಳಕೊಳ್ತಿದ್ದೇವೆ ಅನ್ನೋದರ ಲೆಕ್ಕವೇ ನಮಗೆ ಸಿಗ್ತಿಲ್ಲ.

1. ಹೆದ್ದಾರಿಯ ಮೇಲಿನ ಊರು

ದಾಳಿಂಬ ಇರೋದು ಉಮರ್ಗಾ ತಾಲೂಕಿನಲ್ಲಿ, ಸೋಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲೆ. ಜಿಲ್ಲೆಯ ಹೆಸರು ಮೊದಲು ಉಸ್ಮಾನಾಬಾದ್, 2023ರಿಂದ ಧಾರಾಶಿವ. ನಿಜಾಮರ ಆಡಳಿತದಲ್ಲಿ ಉಸ್ಮಾನಾಬಾದ್, ಬೀದರ, ರಾಯಚೂರು, ಗುಲಬರ್ಗಾ ನಾಲ್ಕೂ ಸೇರಿ ಗುಲಬರ್ಗಾ ವಿಭಾಗ ಆಗಿತ್ತು. ನಿಲಂಗಾ, ಉದಗೀರ ತಾಲೂಕುಗಳು 1956ರ ತನಕ ಬೀದರ ಜಿಲ್ಲೆಯಲ್ಲೇ ಇದ್ದವು. ಆಮೇಲೆ ಅವು ಉಸ್ಮಾನಾಬಾದಿಗೆ ಹೋದವು, 1982ರಲ್ಲಿ ಲಾತೂರ ಜಿಲ್ಲೆ ಆದಾಗ ಅದರೊಳಗೆ ಸೇರಿದವು.

ಈ ಹೆದ್ದಾರಿಯನ್ನು ನೆನಪಿಟ್ಟುಕೊಳ್ರಿ. ಅದರ ಪಶ್ಚಿಮ ತುದಿಯ ಸೋಲಾಪುರದಲ್ಲಿ 1933ರಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರ ಶುರುವಾಯಿತು. ಪೂರ್ವಕ್ಕೆ, ಹೈದರಾಬಾದಿನ ಹೊರವಲಯದ ಪಟಾನ್‌ಚೆರುವಿನಲ್ಲಿ, 1972ರಲ್ಲಿ ಇಕ್ರಿಸ್ಯಾಟ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ಬಂತು. ಎರಡೂ ಕಡೆ ಕೆಲಸ ನಡೆದದ್ದು ಇದೇ ಜಾತಿಯ ಕರಿ ಮಣ್ಣಿನ ಮೇಲೆ. ದಾಳಿಂಬ ಅವೆರಡರ ನಡುವೆ ಇದೆ.

ಈ ಮಣ್ಣಿನ ತಾಯಿ ಬಸಾಲ್ಟ್ ಕಲ್ಲು. ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಪದರು ಪದರಾಗಿ ಹರಿದು ಗಟ್ಟಿಯಾದ ಲಾವಾ ಅದು. ಬಸಾಲ್ಟ್ ಕೊಳೆತು ಸವೆದು ಆದದ್ದು ಜೇಡಿ, ಅದರಲ್ಲೂ ಮಾಂಟ್‌ಮೊರಿಲ್ಲೊನೈಟ್ ಗುಂಪಿನ ಜೇಡಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ಎರಿ ಹೊಲದ ಬಿರುಕಿನಲ್ಲಿ ಕೋಲು ಇಳಿಸಿ ಆಳ ನೋಡೋ ಆಟ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮಣ್ಣಿನ ವಿಜ್ಞಾನಿಗಳು ಇದನ್ನು ವರ್ಟಿಸಾಲ್ ಅಂತಾರೆ. ಆ ಹೆಸರು ಪಡೆಯಲು ಕನಿಷ್ಠ 30% ಜೇಡಿ ಇರಬೇಕು. ದಖ್ಖಣದ ಆಳವಾದ ಎರಿಯಲ್ಲಿ 50% ದಾಟುವುದು ಸಾಮಾನ್ಯ.

ಆದರೆ ಒಂದೇ ಊರಿನ ಸೀಮೆಯೊಳಗೆ ಎಲ್ಲವೂ ಎರಿ ಅಲ್ಲ. ದಿಬ್ಬದ ಮೇಲೆ ಮರಡಿ, ಕೆಳಗೆ ಮುರುಮು, ಇಳಿಜಾರಿನಲ್ಲಿ ತೆಳ್ಳಗಿನ ಬರಡು, ಹಳ್ಳದ ದಂಡೆಗೆ ಆಳ ಎರಿ. ಮೇಲಿನಿಂದ ತೊಳೆದು ಬಂದ ಸಣ್ಣ ಕಣ ಕೆಳಗೆ ಕೂತು ಎರಿ ಆಗಿದೆ. ಮಳೆ ನೀರು ಸಾವಿರಾರು ವರ್ಷ ಈ ಜರಡಿ ಕೆಲಸ ಮಾಡಿದೆ.

2. ಹದಿನಾರಾಣೆಯ ಮಣ್ಣು

ಈಗ ಮೊದಲನೆಯ ಅಳತೆಗೆ ಬರೋಣ. ಬಾಂಬೆ ಪ್ರಾಂತದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1835ರ ಹೊತ್ತಿಗೆ ಇಂದಾಪುರದಲ್ಲಿ ಹೊಸ ಬಗೆಯ ಸರ್ವೆ ಶುರು ಮಾಡಿದರು. 1847ರಲ್ಲಿ ಅದರ ನಿಯಮಗಳು ಜಾಯಿಂಟ್ ರಿಪೋರ್ಟ್ ಎಂಬ ಹೆಸರಿನಲ್ಲಿ ಗಟ್ಟಿಯಾದವು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ನಿಜಾಮ ಸರಕಾರವೂ ತನ್ನ ಮರಾಠವಾಡಾ ಜಿಲ್ಲೆಗಳಲ್ಲಿ ಇದೇ ಮಾದರಿಯ ಸರ್ವೆ ತಂದಿತು.

ಆ ವರದಿಯಲ್ಲಿ ಮಣ್ಣಿಗೆ ಮೂರು ದರ್ಜೆ. ಮೊದಲನೆಯದು ನುಣುಪಾದ ಒಂದೇ ಸಮನಾದ ಮಣ್ಣು, ಬಣ್ಣ ಕಡುಗಪ್ಪಿನಿಂದ ಕಂದುಗಪ್ಪು. ಎರಡನೆಯದು ಅದಕ್ಕಿಂತ ಉರುಟಾದದ್ದು, ಸಾಮಾನ್ಯವಾಗಿ ಕೆಂಪು. ಮೂರನೆಯದು ಹರಳು ಹರಳಾದ, ಸಡಿಲ ಮಣ್ಣು. ಪ್ರತಿ ದರ್ಜೆಯಲ್ಲಿ ಆಳವನ್ನು ಮೊಳದಲ್ಲಿ ಅಳೆಯುತ್ತಿದ್ದರು. ಒಂದೂ ಮುಕ್ಕಾಲು ಮೊಳ ಆಳದ ಮೊದಲ ದರ್ಜೆಯ ಮಣ್ಣಿಗೆ ಹದಿನಾರಾಣೆ ಬೆಲೆ. ಸುಣ್ಣದ ಹರಳು ಬೆರೆತಿದ್ದರೆ, ಮರಳು ಬೆರೆತಿದ್ದರೆ, ಇಳಿಜಾರಾಗಿದ್ದರೆ, ಹರಿಯುವ ನೀರು ಮೇಲೆ ಹಾಯುವಂತಿದ್ದರೆ ಅದನ್ನು ದೋಷವೆಂದು ಎಣಿಸಿ ದರ್ಜೆ ಇಳಿಸುತ್ತಿದ್ದರು.

ಇದನ್ನು ಗಮನವಿಟ್ಟು ನೋಡ್ರಿ. ಸರ್ವೆಯವನು ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದ. ನುಣುಪು, ಉರುಟು, ಹರಳು ಅಂದರೆ ಕಣದ ಗಾತ್ರವೇ. ಕಂದಾಯದ ಕಡತದಲ್ಲಿ ನಮ್ಮ ನೆಲದ ಕಣಗಾತ್ರದ ಮೊದಲ ನಕಾಶೆ ಹೀಗೆ ತಯಾರಾಯಿತು. ಎಂಟಾಣೆ ಹೊಲ, ಹನ್ನೆರಡಾಣೆ ಹೊಲ ಅನ್ನೋ ಮಾತಿನ ಹಿಂದೆ ಈ ತಿಕ್ಕಾಟ ಇದೆ.

ಆದರೆ ಅದೇ ಹನ್ನೆರಡಾಣೆ ಹೊಲ ಒಬ್ಬನ ಕೈಯಲ್ಲಿ ಜೋಳ ಕೊಡುತ್ತಿತ್ತು, ಇನ್ನೊಬ್ಬನ ಕೈಯಲ್ಲಿ ಕೊಡುತ್ತಿರಲಿಲ್ಲ. ತಿಪ್ಪಿ ಗೊಬ್ಬರ ಹೋಗಿದೆಯೋ ಇಲ್ಲವೋ ಅನ್ನೋದು ಆಣೆಯ ಲೆಕ್ಕಕ್ಕೆ ಬರಲಿಲ್ಲ. ಬರಬಾರದು ಅಂತಲೂ ಒಂದು ತರ್ಕ ಇತ್ತು: ರೈತ ಸ್ವಂತ ದುಡಿಮೆಯಿಂದ ಹೊಲ ಸುಧಾರಿಸಿದರೆ ಅದಕ್ಕೆ ತೆರಿಗೆ ಹಾಕಬಾರದು. ನ್ಯಾಯದ ದೃಷ್ಟಿಯಿಂದ ಅದು ಸರಿ. ಆದರೆ ಅದರಿಂದ ಮಣ್ಣೆಂದರೆ ಸ್ಥಿರವಾದ, ಬದಲಾಗದ ವಸ್ತು ಎಂಬ ಕಲ್ಪನೆ ದಾಖಲೆಯಲ್ಲಿ ಉಳಿಯಿತು.

3. ರಸಾಯನದ ಲೆಕ್ಕ

1889ರಲ್ಲಿ ಜಾನ್ ಅಗಸ್ಟಸ್ ವೋಲ್ಕರ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಭಾರತಕ್ಕೆ ಬಂದ. 1893ರ ಅವನ ವರದಿಯಲ್ಲಿ ಮತ್ತೆ ಮತ್ತೆ ಬರುವ ಒಂದು ಕಳವಳ ಅಂದರೆ ಸಗಣಿ ಹೊಲಕ್ಕೆ ಹೋಗದೆ ಕುಳ್ಳಾಗಿ ಒಲೆಗೆ ಹೋಗುವುದು. ಅದಕ್ಕೆ ಕಾರಣ ರೈತನ ಅಜ್ಞಾನ ಅಲ್ಲ, ಉರುವಲಿನ ಕೊರತೆ ಅಂತ ಅವನು ಸ್ಪಷ್ಟವಾಗಿ ಬರೆದ. ಅವನ ಹಿಂದೆಯೇ ಬಂದ ಜೆ. ಡಬ್ಲ್ಯೂ. ಲೆದರ್ ಭಾರತ ಸರಕಾರದ ಮೊದಲ ಕೃಷಿ ರಸಾಯನಶಾಸ್ತ್ರಜ್ಞನಾಗಿ ದೇಶದ ಮಣ್ಣನ್ನು ನಾಲ್ಕು ದೊಡ್ಡ ಗುಂಪು ಮಾಡಿದ: ಗಂಗಾ ಬಯಲಿನ ಮೆಕ್ಕಲು, ರೇಗರ್ ಎಂಬ ಕರಿ ಮಣ್ಣು, ಕೆಂಪು ಮಣ್ಣು, ಜಂಬಿಟ್ಟಿಗೆ.

1933ರಿಂದ 1935ರ ನಡುವೆ ಒಣಬೇಸಾಯದ ಐದು ಕೇಂದ್ರಗಳು ಬಂದವು: ಸೋಲಾಪುರ, ಬಿಜಾಪುರ, ಹಗರಿ, ರಾಯಚೂರು ಮತ್ತು ಪಂಜಾಬಿನ ರೋಹತಕ್. ಐದರಲ್ಲಿ ನಾಲ್ಕು ನಮ್ಮ ಕರಿ ಮಣ್ಣಿನ ಪಟ್ಟಿಯಲ್ಲೇ ಇದ್ದವು. ರಾಯಚೂರು ನಿಜಾಮರ ರಾಜ್ಯದಲ್ಲಿತ್ತು. ಎನ್. ವಿ. ಕಾನಿಟ್ಕರ್ ಈ ಕೆಲಸದ ಸಾರವನ್ನು 1944ರಲ್ಲಿ ಪುಸ್ತಕವಾಗಿ ತಂದರು. ಒಡ್ಡು ಹಾಕುವುದು, ಆಳ ಉಳುಮೆ, ಅಂತರ ಬಿಟ್ಟು ಬಿತ್ತುವುದು, ಕುಂಟಿ ಹೊಡೆದು ಮೇಲ್ಮಣ್ಣು ಸಡಿಲವಾಗಿಡುವುದು ಇವೆಲ್ಲ ಅಲ್ಲಿಂದ ಹೊರಟ ಶಿಫಾರಸುಗಳು. ಬಾಂಬೆ ಪ್ರಾಂತದಲ್ಲಿ 1942ರ ಭೂಸುಧಾರಣಾ ಕಾಯ್ದೆ ಬಂದು ಒಡ್ಡಿನ ಕೆಲಸಕ್ಕೆ ಕಾನೂನಿನ ಬಲ ಕೊಟ್ಟಿತು.

ಈ ಹಂತದಲ್ಲಿ ವಿಜ್ಞಾನಿಗಳು ಮಣ್ಣನ್ನು ಗಾತ್ರದ ಪ್ರಕಾರ ಬೇರ್ಪಡಿಸಲು ಕಲಿತಿದ್ದರು. ಸ್ವೀಡನ್ನಿನ ಆಲ್ಬರ್ಟ್ ಆಟರ್‌ಬರ್ಗ್ ಕೊಟ್ಟ ಅಳತೆಯಲ್ಲಿ 2 ಮಿಲಿಮೀಟರಿನಿಂದ 0.02 ಮಿಲಿಮೀಟರಿನ ತನಕ ಮರಳು, 0.02ರಿಂದ 0.002ರ ತನಕ ರೇವೆ, ಅದಕ್ಕಿಂತ ಸಣ್ಣದು ಜೇಡಿ. ಬೇರ್ಪಡಿಸುವ ಉಪಾಯ 1851ರಲ್ಲಿ ಸ್ಟೋಕ್ಸ್ ಕೊಟ್ಟ ನಿಯಮದ ಮೇಲೆ ನಿಂತಿದೆ: ನೀರಿನಲ್ಲಿ ದೊಡ್ಡ ಕಣ ಬೇಗ ಇಳಿಯುತ್ತದೆ, ಸಣ್ಣದು ತಡವಾಗಿ. 20 ಡಿಗ್ರಿ ಉಷ್ಣತೆಯಲ್ಲಿ 0.02 ಮಿಲಿಮೀಟರಿನ ಕಣ 10 ಸೆಂಟಿಮೀಟರ್ ಇಳಿಯಲು ಐದು ನಿಮಿಷ ಸಾಕು. 0.002 ಮಿಲಿಮೀಟರಿನ ಕಣಕ್ಕೆ ಸುಮಾರು 8 ಗಂಟೆ ಬೇಕು. ಸಂಜೆ ಕಲಕಿಟ್ಟ ನೀರು ಬೆಳಿಗ್ಗೆಯೂ ಯಾಕೆ ರಾಡಿಯಾಗಿರುತ್ತದೆ ಅನ್ನೋದಕ್ಕೆ ಇದೇ ಉತ್ತರ.

ಹೀಗೆ ಪ್ರಯೋಗಾಲಯದಲ್ಲಿ ಎರಡು ಕಡತ ತಯಾರಾದವು. ಒಂದರಲ್ಲಿ ಕಣದ ಗಾತ್ರ, ಇನ್ನೊಂದರಲ್ಲಿ ಪೋಷಕಾಂಶದ ಒಟ್ಟು ಮೊತ್ತ. ಎರಡೂ ಬಹಳ ಕಾಲ ಒಂದನ್ನೊಂದು ಮಾತಾಡಿಸಲಿಲ್ಲ.

4. ಕಿಣ್ವ ಎಂಬ ಕೂಲಿಯಾಳು

ಈಗ ಮೂರನೆಯವರು. ಕಿಣ್ವ ಅಂದರೆ ಎಂಜೈಮ್. ಅದು ಒಂದು ಪ್ರೋಟೀನು. ಸೂಕ್ಷ್ಮಜೀವಿ, ಬೇರು, ಎರೆಹುಳ ಇವು ಅದನ್ನು ತಯಾರಿಸುತ್ತವೆ. ದೊಡ್ಡ ಅಣುವನ್ನು ಕತ್ತರಿಸಿ ಸಣ್ಣದು ಮಾಡುವುದು ಮಣ್ಣಿನಲ್ಲಿ ಅದರ ಮುಖ್ಯ ಕೆಲಸ. ಕಣಿಕಿಯ ನಾರನ್ನು ಕ್ಸೈಲನೇಸ್ ಕತ್ತರಿಸುತ್ತದೆ. ಯೂರಿಯಾವನ್ನು, ದನದ ಗಂಜಲವನ್ನು ಯೂರಿಯೇಸ್ ಒಡೆದು ಅಮೋನಿಯಾ ಮಾಡುತ್ತದೆ. ಸಾವಯವ ವಸ್ತುವಿನಲ್ಲಿ ಸಿಕ್ಕಿಬಿದ್ದ ರಂಜಕವನ್ನು ಫಾಸ್ಫಟೇಸ್ ಬಿಡಿಸಿ ಬೇರಿಗೆ ಕೊಡುತ್ತದೆ. ಗೊಬ್ಬರ ಎಷ್ಟು ಬಿತ್ತು ಅನ್ನೋದು ಒಂದು ಪ್ರಶ್ನೆ. ಬಿದ್ದದ್ದನ್ನು ಬೆಳೆಯ ಬಾಯಿಗೆ ಮುಟ್ಟಿಸುವವರು ಯಾರು ಅನ್ನೋದು ಇನ್ನೊಂದು.

ಮಣ್ಣಿನಲ್ಲಿ ಕಿಣ್ವ ಇದೆ ಅಂತ 1899ರಲ್ಲಿ ಅಮೆರಿಕದ ಎ. ಎಫ್. ವುಡ್ಸ್ ವರದಿ ಮಾಡಿದ. ಆಗ ಕಿಣ್ವ ಎಂದರೆ ಏನು ಅನ್ನೋದೇ ತೀರ್ಮಾನ ಆಗಿರಲಿಲ್ಲ. 1926ರಲ್ಲಿ ಜೇಮ್ಸ್ ಸಮ್ನರ್ ಜ್ಯಾಕ್ ಬೀನ್ ಎಂಬ ಅವರೆ ಜಾತಿಯ ಕಾಳಿನಿಂದ ಯೂರಿಯೇಸನ್ನು ಹರಳಾಗಿ ಬೇರ್ಪಡಿಸಿ, ಕಿಣ್ವ ಪ್ರೋಟೀನೇ ಎಂದು ತೋರಿಸಿದ. 1946ರಲ್ಲಿ ಅವನಿಗೆ ನೊಬೆಲ್ ಬಂತು.

ನಂತರದ ದೊಡ್ಡ ಹೆಜ್ಜೆ ಅಯೋವಾದಲ್ಲಿ. 1969ರಲ್ಲಿ ತಬತಬಾಯಿ ಮತ್ತು ಬ್ರೆಮ್ನರ್ ಫಾಸ್ಫಟೇಸ್ ಅಳೆಯಲು ಒಂದು ಸರಳ ಪದ್ಧತಿ ಪ್ರಕಟಿಸಿದರು. ಒಂದು ಗ್ರಾಂ ಮಣ್ಣು, ಅದಕ್ಕೆ ಪ್ಯಾರಾ-ನೈಟ್ರೋಫಿನೈಲ್ ಫಾಸ್ಫೇಟ್ ಎಂಬ ದ್ರಾವಣ, 37 ಡಿಗ್ರಿಯಲ್ಲಿ ಒಂದು ಗಂಟೆ. ಕಿಣ್ವ ರಂಜಕವನ್ನು ಕತ್ತರಿಸಿದಷ್ಟೂ ಉಳಿದ ಭಾಗ ಕ್ಷಾರದಲ್ಲಿ ಹಳದಿ ಬಣ್ಣ ಕೊಡುತ್ತದೆ. ಹಳದಿ ಹೆಚ್ಚಿದ್ದರೆ ಕೆಲಸ ಹೆಚ್ಚು. ಈ ಪದ್ಧತಿ ಇವತ್ತಿಗೂ ಲೋಕದ ಎಲ್ಲ ಕಡೆ ನಡೀತದೆ. ಒಂದು ಎಚ್ಚರಿಕೆಯ ಮಾತು: ಹೀಗೆ ಅಳೆದದ್ದು ಮಣ್ಣಿನ ಸಾಮರ್ಥ್ಯ. ಹೊಲದಲ್ಲಿ ಆ ದಿನ ನಡೆದ ಕೆಲಸ ಅಷ್ಟೇ ಇರಬೇಕಿಲ್ಲ. ಬೇಸಿಗೆಯ ಒಣ ಎರಿಯಲ್ಲಿ ಆಳುಗಳಿದ್ದರೂ ಕೆಲಸ ನಿಂತಿರುತ್ತದೆ.

5. ಯಾವ ಕಣದಲ್ಲಿ ಯಾರಿದ್ದಾರೆ

ಮಣ್ಣನ್ನು ಗಾತ್ರದ ಪ್ರಕಾರ ಬೇರ್ಪಡಿಸಿ, ಒಂದೊಂದು ಭಾಗದಲ್ಲೂ ಕಿಣ್ವ ಅಳೆದರೆ ಹೇಗೆ? ಕೇಳೋಕೆ ಸುಲಭ, ಮಾಡೋಕೆ ಕಷ್ಟ. ಮಣ್ಣಿನ ಹೆಂಟೆ ಒಡೆಯಲು ಸಾಮಾನ್ಯವಾಗಿ ಬಳಸುವ ರಾಸಾಯನಿಕಗಳು ಕಿಣ್ವಕ್ಕೇ ಧಕ್ಕೆ ಮಾಡುತ್ತವೆ. ಅದಕ್ಕೆ ಕಿವಿಗೆ ಕೇಳದಷ್ಟು ತೀವ್ರವಾದ ಧ್ವನಿ ತರಂಗದಿಂದ ಹೆಂಟೆ ಬಿಡಿಸುವ ಉಪಾಯ ಹುಡುಕಿದರು. ಎಡ್ವರ್ಡ್ಸ್ ಮತ್ತು ಬ್ರೆಮ್ನರ್ 1960ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟರು. ತರಂಗ ಜೋರಾದರೆ ಸೂಕ್ಷ್ಮಜೀವಿಯೂ ಒಡೆದುಹೋಗುತ್ತದೆ. 1998ರಲ್ಲಿ ಸ್ಟೆಮ್ಮರ್, ಗೆರ್ಜಾಬೆಕ್, ಕಾಂಡೆಲರ್ ಎಂಬ ಮೂವರು ಕಡಿಮೆ ಶಕ್ತಿಯ ತರಂಗ ಬಳಸಿ, ಆಮೇಲೆ ಜರಡಿ ಹಿಡಿದು, ನೀರಿನಲ್ಲಿ ಇಳಿಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಭಾಗಗಳನ್ನು ಬೇರ್ಪಡಿಸಿದರು.

ಫಲಿತಾಂಶದ ಚಿತ್ರ ಹೀಗಿದೆ. ಕ್ಸೈಲನೇಸ್ ಹೆಚ್ಚಾಗಿ ಉರುಟು ಭಾಗದಲ್ಲಿ, ಅಂದರೆ ಮರಳಿನ ಗಾತ್ರದ ಭಾಗದಲ್ಲಿ ಸಿಕ್ಕಿತು. ಮರಳಿನ ಹರಳು ಕಿಣ್ವ ಹಿಡಿಯುವುದಿಲ್ಲ. ಆ ಗಾತ್ರದಲ್ಲಿ ಇರುವ ಅರೆಕೊಳೆತ ಎಲೆ, ಬೇರು, ಕಣಿಕಿಯ ಚೂರುಗಳು ಹಿಡಿಯುತ್ತವೆ. ಯೂರಿಯೇಸ್ ರೇವೆ ಮತ್ತು ಜೇಡಿಯ ಸಣ್ಣ ಭಾಗದಲ್ಲಿ ಹೆಚ್ಚು. 2005ರಲ್ಲಿ ಮಾರ್ಕ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲೂ ಇದೇ ದಿಕ್ಕು: ಪಿಷ್ಟ–ನಾರಿನ ಜಾತಿಯ ವಸ್ತು ಕತ್ತರಿಸುವ ಕಿಣ್ವಗಳು ಉರುಟು ಭಾಗದ ಕಡೆ, ಫಾಸ್ಫಟೇಸ್ ಮತ್ತು ಪ್ರೋಟೀನು ಕತ್ತರಿಸುವ ಕಿಣ್ವ ಜೇಡಿಯ ಕಡೆ.

ಇದನ್ನು ನಮ್ಮ ಕೂಡು ಕುಟುಂಬಕ್ಕೆ ಹೋಲಿಸಬಹುದು. ಹೊರಗಿನಿಂದ ಬಂದ ಕಣಿಕಿಯನ್ನು ಒಡೆಯೋರು ಅಂಗಳದಲ್ಲಿ, ಒಡೆದದ್ದನ್ನು ಹಸನು ಮಾಡಿ ಬಡಿಸೋರು ಒಳಮನೆಯಲ್ಲಿ. ಅಂಗಳಕ್ಕೆ ಹೊಸ ಸರಕು ಬರೋದು ನಿಂತರೆ ಒಳಮನೆ ಸ್ವಲ್ಪ ಕಾಲ ಉಳಿದದ್ದರ ಮೇಲೆ ನಡೀತದೆ, ಆಮೇಲೆ ಅಲ್ಲೂ ಖಾಲಿ.

ಜೇಡಿಯ ಬಗ್ಗೆ ಇನ್ನೊಂದು ಮಾತು ಇದೆ. ಒಂದು ಗ್ರಾಂ ಮಾಂಟ್‌ಮೊರಿಲ್ಲೊನೈಟಿನ ಒಳ–ಹೊರ ಮೇಲ್ಮೈ ಸೇರಿಸಿದರೆ 700ರಿಂದ 800 ಚದರ ಮೀಟರ್ ಆಗುತ್ತದೆ. ಕಿಣ್ವ ಅದಕ್ಕೆ ಅಂಟಿಕೊಳ್ಳುತ್ತದೆ. ಅಂಟಿಕೊಂಡರೆ ಲಾಭವೂ ಉಂಟು, ನಷ್ಟವೂ ಉಂಟು. ಲಾಭ ಅಂದರೆ ಬೇರೆ ಕಿಣ್ವಗಳು ಅದನ್ನು ತಿಂದುಹಾಕೋದು ಕಷ್ಟ. ತಯಾರಿಸಿದ ಜೀವಿ ಸತ್ತ ಮೇಲೂ ಅದು ಉಳಿಯುತ್ತದೆ. 1960ರ ದಶಕದಲ್ಲಿ ಸ್ಕುಯಿನ್ಸ್ ಮತ್ತು ಮ್ಯಾಕ್‌ಲಾರೆನ್ ಸಾವಿರಾರು ವರ್ಷ ಹೆಪ್ಪುಗಟ್ಟಿದ್ದ ಅಲಾಸ್ಕಾದ ನೆಲದಲ್ಲೂ ಕಿಣ್ವದ ಚಟುವಟಿಕೆ ಕಂಡರು. ನಷ್ಟ ಅಂದರೆ ಅಂಟಿಕೊಂಡ ಕಿಣ್ವದ ಆಕಾರ ಕೆಡಬಹುದು, ಕತ್ತರಿಸಬೇಕಾದ ವಸ್ತು ಅದರ ಹತ್ತಿರ ಬರದೇ ಇರಬಹುದು. ಒಟ್ಟಿನಲ್ಲಿ ಜೇಡಿ ಕಿಣ್ವದ ಕಣಜವೂ ಹೌದು, ಬಂಧೀಖಾನೆಯೂ ಹೌದು.

6. ಯುರೋಪಿನ ಫಲಿತಾಂಶ, ದಾಳಿಂಬದ ಹೊಲ

ಈ ಅಧ್ಯಯನಗಳು ಹೆಚ್ಚಾಗಿ ನಡೆದದ್ದು ಯುರೋಪಿನ ತಂಪು ನೆಲದಲ್ಲಿ. ಅಲ್ಲಿನ ಮಣ್ಣಿನಲ್ಲಿ ಜೇಡಿ ಒಂದು ಸಣ್ಣ ಪಾಲು, ನಮ್ಮ ಎರಿಯಲ್ಲಿ ಅದೇ ದೊಡ್ಡ ಪಾಲು. ಹಾಗಾಗಿ ಅಲ್ಲಿಯ ಅಂಕಿಗಳನ್ನು ಇಲ್ಲಿಗೆ ತಂದು ಹಚ್ಚಬಾರದು. ದಿಕ್ಕನ್ನು ಮಾತ್ರ ತರಬಹುದು, ಮತ್ತು ಆ ದಿಕ್ಕಿನಿಂದ ನಮ್ಮ ಸೀಮೆಯ ಎರಡು ಬದಲಾವಣೆಗಳನ್ನು ನೋಡಬಹುದು.

ಮೊದಲನೆಯದು ಉರುಟು ಭಾಗದ ನಷ್ಟ. ಎರಿಯಲ್ಲಿ ಮರಳಿನ ಗಾತ್ರದ ಭಾಗ ಕಡಿಮೆ. ಅದರೊಳಗಿನ ಕಾಡಿ–ಕಸದ ಪಾಲು ಇನ್ನೂ ಕಡಿಮೆ. ಹಿಂಗಾರಿ ಬಿಳಿ ಜೋಳ, ಕಡಲೆ, ತೊಗರಿ ಇದ್ದ ಕಾಲದಲ್ಲಿ ಕಣಿಕಿ ದನಕ್ಕೆ, ದನದಿಂದ ತಿಪ್ಪಿಗೆ, ತಿಪ್ಪಿಯಿಂದ ಹೊಲಕ್ಕೆ ಬರುತ್ತಿತ್ತು. ಕಳೆದ ಎರಡು–ಮೂರು ದಶಕಗಳಲ್ಲಿ ಲಾತೂರ, ಧಾರಾಶಿವ ಜಿಲ್ಲೆಗಳು ಸೋಯಾಬೀನಿನ ಸೀಮೆ ಆದವು. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರ್ ಸಗಣಿ ಹಾಕೋದಿಲ್ಲ. ವೋಲ್ಕರ್ ಕಾಲದಲ್ಲಿ ಸಗಣಿ ಒಲೆಗೆ ಹೋಗುತ್ತಿತ್ತು. ಈಗ ಸಗಣಿಯೇ ಕಡಿಮೆ. ಮೊದಲು ಪೆಟ್ಟು ಬೀಳೋದು ಅಂಗಳದ ಕೆಲಸಗಾರರಿಗೆ.

ಎರಡನೆಯದು ಸಣ್ಣ ಭಾಗದ ನಷ್ಟ. ಮಳೆ ನೀರು ಹೊಲದಿಂದ ಮಣ್ಣು ಒಯ್ಯುವಾಗ ಎಲ್ಲ ಗಾತ್ರವನ್ನೂ ಸಮನಾಗಿ ಒಯ್ಯೋದಿಲ್ಲ. ಸಣ್ಣದು, ಹಗುರಾದದ್ದು ಮೊದಲು ಹೋಗುತ್ತದೆ. ಕೊಚ್ಚಿಹೋದ ಮಣ್ಣಿನಲ್ಲಿ ಜೇಡಿ ಮತ್ತು ಸಾವಯವ ಅಂಶ ಹೊಲದ ಮಣ್ಣಿಗಿಂತ ಹೆಚ್ಚಿರುತ್ತದೆ. ಅಂದರೆ ಒಂದು ಬುಟ್ಟಿ ಮಣ್ಣು ಹೋಯಿತು ಅಂದರೆ ಅದರ ಜೊತೆ ಒಂದು ಬುಟ್ಟಿಗಿಂತ ಹೆಚ್ಚಿನ ಫಾಸ್ಫಟೇಸ್, ಯೂರಿಯೇಸ್ ಹೋಗಿರಬಹುದು. 1972ರ ಬರದಲ್ಲಿ ಮರಾಠವಾಡಾದ ಜನ ಕೂಲಿಗಾಗಿ ಒಡ್ಡು ಹಾಕಿದರು, ಕೆರೆ ತೋಡಿದರು. ಆ ಕೆಲಸದಿಂದಲೇ ರೋಜಗಾರ ಹಮಿ ಯೋಜನೆ ಬೆಳೆಯಿತು. ಒಡ್ಡು ಹಿಡಿದದ್ದು ನೀರು ಮಾತ್ರ ಅಲ್ಲ ಅನ್ನೋದು ಈಗ ನಮಗೆ ಗೊತ್ತಾಗುತ್ತದೆ.

ಎರಡೂ ನಷ್ಟವನ್ನು ತಡೆದರೆ ಏನಾಗುತ್ತದೆ ಎಂಬುದಕ್ಕೆ ಪಟಾನ್‌ಚೆರುವಿನಲ್ಲಿ ಪುರಾವೆ ಇದೆ. 1976ರಿಂದ ಅಲ್ಲಿನ ಕರಿ ಮಣ್ಣಿನಲ್ಲಿ ಎರಡು ಪದ್ಧತಿಗಳನ್ನು ಹೋಲಿಸುತ್ತಾ ಬಂದರು. ಒಂದು ಕಡೆ ಅಗಲ ಮಡಿ–ಕಾಲುವೆ, ಎರಡು ಬೆಳೆ, ಗೊಬ್ಬರ. ಇನ್ನೊಂದು ಕಡೆ ಮುಂಗಾರಿಯಲ್ಲಿ ಹೊಲ ಖಾಲಿ ಬಿಟ್ಟು ಹಿಂಗಾರಿಯಲ್ಲಿ ಒಂದು ಬೆಳೆ. ಹಲವು ವರ್ಷಗಳ ಸರಾಸರಿಯಲ್ಲಿ ಸುಧಾರಿತ ಪದ್ಧತಿ ಹೆಕ್ಟೇರಿಗೆ 5.1 ಟನ್ ಕಾಳು ಕೊಟ್ಟಿತು, ಹಳೆಯದು 1.1 ಟನ್. ಸುಧಾರಿತ ಭಾಗದಲ್ಲಿ ಮಣ್ಣಿನ ಇಂಗಾಲವೂ ಸೂಕ್ಷ್ಮಜೀವಿಗಳ ರಾಶಿಯೂ ಹೆಚ್ಚಿತ್ತು, ಅದೂ 120 ಸೆಂಟಿಮೀಟರ್ ಆಳದ ತನಕ.

7. ಕರಿ ನೆಲ, ಬಿಳಿ ನೆಲ

ನಮ್ಮ ಗಡಿಯ ಮರಾಠಿಯಲ್ಲಿ ಊರಿನ ನೆಲಕ್ಕೆ ಎರಡು ಹೆಸರು: ಕಾಳಿ ಮತ್ತು ಪಾಂಢರಿ. ಕಾಳಿ ಅಂದರೆ ಉಳುವ ಹೊಲ. ಪಾಂಢರಿ ಅಂದರೆ ಜನ ವಾಸ ಮಾಡಿದ ಜಾಗ, ತಲೆಮಾರುಗಳ ಬೂದಿ, ಸಗಣಿ, ಬಿದ್ದ ಗೋಡೆಯ ಮಣ್ಣು ಸೇರಿ ಬೆಳ್ಳಗಾದ ನೆಲ. ಹಾಳೂರಿನ ಈ ಬಿಳಿ ಮಣ್ಣನ್ನು ರೈತರು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಪುರಾತತ್ವದವರು ಹಳೆಯ ದಿಬ್ಬಗಳು ಹೀಗೆ ಸವೆದವಲ್ಲ ಅಂತ ಮರುಗುತ್ತಾರೆ. ಜನ–ದನ ಇದ್ದ ಜಾಗದಲ್ಲಿ ರಂಜಕ ಕೂಡಿಕೊಳ್ಳುತ್ತದೆ ಅಂತ ಸ್ವೀಡನ್ನಿನ ಓಲಾಫ್ ಅರ್ರೇನಿಯಸ್ 1920–30ರ ದಶಕಗಳಲ್ಲಿ ತೋರಿಸಿದ. ನಮ್ಮ ರೈತ ಆ ಶಬ್ದ ಬಳಸದೆ ಅದೇ ರಂಜಕವನ್ನು ಸಾಗಿಸುತ್ತಿದ್ದ.

ಇದೇ ನುಣ್ಣನೆ ಮಣ್ಣು ಮಾಳಿಗೆ ಮನೆಯ ಚಾವಣಿಗೂ ಹೋಗುತ್ತಿತ್ತು. ಸಣ್ಣ ಕಣ ಒತ್ತಾಗಿ ಕೂತು ಮಳೆ ನೀರು ತಡೆಯುತ್ತದೆ ಅಂತ ಜನರಿಗೆ ಗೊತ್ತಿತ್ತು. ವರ್ಷ ವರ್ಷ ಹೊಸ ಪದರು ಹಾಕಿ ಚಾವಣಿ ಭಾರವಾಯಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಆದಾಗ ಆ ಕಲ್ಲಿನ ಗೋಡೆ, ಆ ಮಣ್ಣಿನ ಚಾವಣಿ ಮಲಗಿದವರ ಮೇಲೆ ಕುಸಿದವು. ಔಸಾ ತಾಲೂಕಿನ ಕಿಲ್ಲಾರಿ, ಆಗ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರ, ಸುತ್ತಲಿನ ಹಳ್ಳಿಗಳು. ಸತ್ತವರು ಹತ್ತು ಸಾವಿರದ ಆಸುಪಾಸು. ಎಷ್ಟೋ ಊರುಗಳು ಬೇರೆ ಜಾಗಕ್ಕೆ ಎದ್ದವು, ಹಳೆಯ ಗಾವಠಾಣಗಳು ಹಾಳುಬಿದ್ದವು. ಅಲ್ಲಿನ ಮಣ್ಣನ್ನು ಬರೀ ಗೊಬ್ಬರ ಅಂತ ನೋಡೋದು ಯಾರಿಗೂ ಆಗುವ ಮಾತಲ್ಲ. ಆದರೂ ನಮ್ಮ ವಿಷಯಕ್ಕೆ ಸಂಬಂಧಪಟ್ಟ ಒಂದು ಸತ್ಯ ಇದರಲ್ಲಿದೆ: ಕಣದ ಗಾತ್ರದ ಜ್ಞಾನ ನಮ್ಮ ಜನಕ್ಕೆ ಹೊಸದಲ್ಲ, ಅದು ಹೊಲದಲ್ಲಿ ಅನ್ನ ಕೊಟ್ಟಿದೆ, ಚಾವಣಿಯಲ್ಲಿ ಜೀವ ತೆಗೆದಿದೆ.

8. ಹೂಳು ಮತ್ತು ಕಾರ್ಡು

2017ರಲ್ಲಿ ಮಹಾರಾಷ್ಟ್ರ ಸರಕಾರ ‘ಗಾಳಮುಕ್ತ ಧರಣ, ಗಾಳಯುಕ್ತ ಶಿವಾರ’ ಎಂಬ ಯೋಜನೆ ತಂದಿತು. ಕೆರೆಯ ಹೂಳು ತೆಗೆದು ಹೊಲಕ್ಕೆ ಹಾಕುವ ಕೆಲಸ. ನಮ್ಮ ದೃಷ್ಟಿಯಿಂದ ನೋಡಿದರೆ, ಹೊಲದಿಂದ ಹರಿದುಹೋದ ಸಣ್ಣ ಭಾಗವನ್ನು ಟಿಪ್ಪರಿನಲ್ಲಿ ವಾಪಸ್ ತರುವುದು. ಮರಡಿ, ಬರಡು ಹೊಲಕ್ಕೆ ಇದು ವರವೇ. ಆದರೆ ಆಳ ಎರಿಗೆ ಮತ್ತಷ್ಟು ಜೇಡಿ ಹಾಕಿ ಪ್ರಯೋಜನ ಏನು? ಅಲ್ಲಿ ಕಡಿಮೆ ಆಗಿರೋದು ಉರುಟು ಸಾವಯವ ಭಾಗ. ಅದಕ್ಕೆ ಕಣಿಕಿ, ತೊಗರಿ ಎಲೆ, ತಿಪ್ಪಿ ಗೊಬ್ಬರ ಬೇಕು. ಯಾವ ಹೊಲಕ್ಕೆ ಯಾವ ಭಾಗ ಕೊರತೆ ಅಂತ ಕೇಳದೆ ಟ್ರಿಪ್ಪಿನ ಲೆಕ್ಕ ಬರೆದರೆ ಡೀಸೆಲ್ಲು ದಂಡ.

ಆ ಪ್ರಶ್ನೆಗೆ ಉತ್ತರ ಕೊಡಬೇಕಾದ ಕಾಗದ 2015ರಲ್ಲಿ ಬಂದ ಮಣ್ಣು ಆರೋಗ್ಯ ಕಾರ್ಡು. ಅದರಲ್ಲಿ 12 ಅಂಶಗಳಿವೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಎಲ್ಲ ಬೇಕಾದವೇ. ಆದರೆ 1847ರ ಸರ್ವೆಯವನು ಬೆರಳಲ್ಲಿ ನೋಡಿದ ಕಣದ ಗಾತ್ರ ಅದರಲ್ಲಿಲ್ಲ. 1969ರಿಂದ ಅಳೆಯಲು ಬರುವ ಕಿಣ್ವವೂ ಇಲ್ಲ. ರಂಜಕ ಕಡಿಮೆ ಅಂತ ಕಾರ್ಡು ಹೇಳಿದರೆ ರೈತ ಚೀಲ ತರುತ್ತಾನೆ. ನಮ್ಮ ಸುಣ್ಣದ ನೆಲದಲ್ಲಿ ಹಾಕಿದ ರಂಜಕದ ಬಹುಪಾಲು ಸುಣ್ಣದ ಜೊತೆ ಗಟ್ಟಿಯಾಗಿ ಕೂತುಬಿಡುತ್ತದೆ. ಸಾವಯವ ರೂಪದಲ್ಲಿ ಇರುವುದನ್ನು ಬಿಡಿಸುವ ಫಾಸ್ಫಟೇಸ್ ಆ ಹೊಲದಲ್ಲಿ ದುಡೀತಿದೆಯೋ ಇಲ್ಲವೋ ಅನ್ನೋದು ಚೀಲದ ಖರ್ಚಿನ ಪ್ರಶ್ನೆಯೂ ಹೌದು.

ನನ್ನ ಸಲಹೆ ಸಣ್ಣದು. ಉಮರ್ಗಾ, ನಿಲಂಗಾ, ಉದಗೀರದ ಕಾಲೇಜುಗಳಲ್ಲಿ ರಸಾಯನಶಾಸ್ತ್ರದ ಪ್ರಯೋಗಾಲಯ ಇದೆ. ಒಂದೇ ಊರಿನ ಮರಡಿ, ಬರಡು, ಆಳ ಎರಿ, ಹೂಳು ಹಾಕಿದ ಹೊಲ, ಹೂಳು ಹಾಕದ ಹೊಲ. ಹೀಗೆ ಐದು ಕಡೆಯ ಮಣ್ಣು ತರಬೇಕು. ಗಾಜಿನ ಉದ್ದ ಜಾಡಿಯಲ್ಲಿ ಕಲಕಿ ಐದು ನಿಮಿಷಕ್ಕೆ, ಎಂಟು ಗಂಟೆಗೆ ಕೂತದ್ದನ್ನು ಅಳೆಯಬೇಕು. ಪಕ್ಕದಲ್ಲಿ ಅದೇ ಮಣ್ಣಿಗೆ ಫಾಸ್ಫಟೇಸಿನ ಹಳದಿ ಬಣ್ಣ ನೋಡಬೇಕು. ನಾಲ್ಕೈದು ವರ್ಷ ಬಿಡದೆ ಮಾಡಿದರೆ ಈ ಸೀಮೆಯ ಸ್ವಂತ ಅಂಕಿ ನಮ್ಮ ಕೈಯಲ್ಲಿರುತ್ತದೆ.

ಪ್ರಶ್ನೋತ್ತರ

ಪ್ರಶ್ನೆ: ಸರ್, ಅಂಗಡ್ಯಾಗ ಎಂಜೈಮ್ ಅಂತ ಹೇಳಿ ಬಾಟ್ಲಿ ಮಾರ್ತಾರಲ್ರಿ, ಅದನ್ನ ಹಾಕಿದ್ರ ಆಗಂಗಿಲ್ಲೇನ್ರಿ?

ಉತ್ತರ: ಬಾಟ್ಲಿಯೊಳಗೆ ಏನಿದೆ ಅನ್ನೋದು ಬೇರೆ ಮಾತು. ನಿಜವಾದ ಕಿಣ್ವವೇ ಇದ್ದರೂ, ಮಣ್ಣಿಗೆ ಬಿದ್ದಮೇಲೆ ಒಂದಷ್ಟನ್ನು ಬೇರೆ ಕಿಣ್ವಗಳು ತಿಂದುಹಾಕ್ತವೆ, ಒಂದಷ್ಟು ಜೇಡಿಗೆ ಅಂಟಿ ಸುಮ್ಮನಾಗ್ತದೆ. ಕಿಣ್ವ ತಯಾರಿಸೋ ಜೀವಿಗೆ ಊಟ ಹಾಕೋದು ಭರವಸೆಯ ದಾರಿ. ಕಣಿಕಿ, ಸಗಣಿ, ಹಸಿರೆಲೆ ಅದರ ಊಟ.

ಪ್ರಶ್ನೆ: ಯೂರಿಯೇಸ್ ಹೆಚ್ಚಿದ್ದರೆ ಒಳ್ಳೆಯದೇ ಅಂತ ತಿಳಿಯಬೇಕೇ?

ಉತ್ತರ: ಹಾಗಲ್ಲ, ಒಳ್ಳೆ ಪ್ರಶ್ನೆ ಕೇಳಿದ್ರಿ. ಯೂರಿಯಾ ಮೇಲೆ ಚೆಲ್ಲಿ ಬಿಟ್ಟರೆ ಯೂರಿಯೇಸ್ ಅದನ್ನು ಬೇಗ ಅಮೋನಿಯಾ ಮಾಡ್ತದೆ. ನಮ್ಮ ಕ್ಷಾರದ ನೆಲದಲ್ಲಿ ಅದು ಗಾಳಿಗೆ ಹಾರಿಹೋಗ್ತದೆ. 2015ರಿಂದ ಯೂರಿಯಾಕ್ಕೆ ಬೇವಿನ ಲೇಪ ಕಡ್ಡಾಯ ಆಗಿದೆ, ಆದರೆ ಬೇವು ತಡೆಯೋದು ಮುಖ್ಯವಾಗಿ ಅಮೋನಿಯಾದಿಂದ ನೈಟ್ರೇಟ್ ಆಗುವ ಮುಂದಿನ ಹಂತವನ್ನು. ಅದಕ್ಕೆ ಯೂರಿಯಾವನ್ನು ಹಸಿ ಇರುವಾಗ ಮಣ್ಣಿನೊಳಗೆ ಕೊಡಬೇಕು. ಯಾವ ಕಿಣ್ವವೂ ತಾನಾಗಿಯೇ ಒಳ್ಳೆಯದು ಅಥವಾ ಕೆಟ್ಟದ್ದು ಅಲ್ಲ.

ಪ್ರಶ್ನೆ: ಕಾರ್ಡು ಮರಾಠಿಯಲ್ಲಿ ಬರುತ್ತದೆ, ಮನೆಯಲ್ಲಿ ನಾವು ಕನ್ನಡ. ಈ ವಿಷಯದಲ್ಲಿ ಭಾಷೆಯಿಂದ ಏನಾದರೂ ಫರಕು ಆಗುತ್ತದೆಯೇ?

ಉತ್ತರ: ಆಗ್ತದೆ. ಎರಿ, ಮಸಾರಿ, ಮರಡಿ, ಬರಡು, ಮುರುಮು, ಗೋಡು; ಈ ಒಂದೊಂದು ಶಬ್ದದಲ್ಲೂ ಕಣದ ಗಾತ್ರ, ಆಳ, ನೀರು ಹಿಡಿಯೋ ಗುಣ ಮೂರೂ ಇವೆ. ಕಾರ್ಡಿನ ಹನ್ನೆರಡು ಅಂಕಿಯಲ್ಲಿ ಅದಿಲ್ಲ. ನಿಮ್ಮೂರ ಹಿರಿಯರನ್ನು ಕೂಡಿಸಿ ಯಾವ ಸರ್ವೆ ನಂಬರಿನ ಮಣ್ಣಿಗೆ ಏನಂತಾರೆ ಅಂತ ಬರೆದಿಡ್ರಿ. ಕನ್ನಡ, ಮರಾಠಿ ಎರಡೂ ಹೆಸರು ಬರೀರಿ. ಜಾಡಿಯ ಅಳತೆ ಬಂದ ದಿನ ಆ ಹೆಸರುಗಳ ಪಕ್ಕದಲ್ಲಿ ಅಂಕಿ ತುಂಬೋಣ.